ಸಿಬಿಲ್ ನೆಲಕಚ್ಚಿದ್ರೂ ಅಕೌಂಟ್ ಸಿಗುತ್ತೆ: ಬಿಎಸ್‌ಬಿಡಿ ಖಾತೆ ಬಳಸ್ತಿರೋನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಖಾತೆಗೆ ಐದಕ್ಕೆ ನಾಲ್ಕು ಸ್ಟಾರು, ಅದನ್ನ ಕೊಟ್ಟ ಬ್ರಾಂಚಿಗೆ ಎರಡು, ಅದೂ ಕ್ಯಾಷಿಯರ್ ಮುಖ ನೋಡಿ. ಲೋನ್ ರೈಟಾಫ್ ಆಗಿರೋರು (ಅಂದ್ರೆ ಇನ್ನು ವಸೂಲಾಗಲ್ಲ ಅಂತ ಬ್ಯಾಂಕೇ ಲೆಕ್ಕದಿಂದ ತೆಗೆದಿರೋದು), ಕಾರ್ಡ್ ಸೆಟಲ್ ಮಾಡ್ಕೊಂಡೋರು, ಸಿಬಿಲ್ ಸ್ಕೋರ್, ಅಂದ್ರೆ ಸಾಲ ಹೇಗೆ ತೀರಿಸಿದೀವಿ ಅನ್ನೋದಕ್ಕೆ ಸಿಗೋ ಅಂಕ, 500ರ ಕೆಳಗೆ ಹೋಗಿ ಕೂತಿರೋರು ಸುಮಾರು ಜನ ನಮಗಿನ್ನು ಯಾವ ಬ್ಯಾಂಕೂ ಅಕೌಂಟ್ ಕೊಡಲ್ಲ ಅಂತ ಹೆದ್ರಿಕೊಂಡು ಹೆಂಡ್ತಿ ಅಕೌಂಟಿಗೋ ತಮ್ಮನ ಅಕೌಂಟಿಗೋ ದುಡ್ಡು ಹಾಕಿಸ್ಕೊಂಡು ಓಡಾಡ್ತಿರ್ತಾರೆ. ನಾನೂ ಲಾಕ್‌ಡೌನಲ್ಲಿ ಅಂಗಡಿ ಮುಚ್ಚಿದ ಮೇಲೆ ಇದೇ ಲಿಸ್ಟಿಗೆ ಸೇರಿದೋನು, ಅದಕ್ಕೇ ಈ ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡಿಪಾಸಿಟ್ (ಬಿಎಸ್‌ಬಿಡಿ) ಅಕೌಂಟ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಸೇವಿಂಗ್ಸ್ ಅಕೌಂಟಿಗೂ ಸಿಬಿಲ್‌ಗೂ ಅಸಲಿಗೆ ಸಂಬಂಧಾನೇ ಇಲ್ಲ. ಸಾಲ ಅಂದ್ರೆ ಬ್ಯಾಂಕು ನಮ್ಗೆ ದುಡ್ಡು ಕೊಡೋದು, ಡಿಪಾಸಿಟ್ ಅಂದ್ರೆ ನಾವು ಬ್ಯಾಂಕಿಗೆ ಕೊಡೋದು, ಇದ್ರಲ್ಲಿ ಅವರಿಗೆ ಎಂಥ ರಿಸ್ಕು ಹೇಳಿ. ನಮ್ಮಲ್ಲಿ ನಾಲ್ಕು ಕಂಪನಿ ನಮ್ಮ ಸಾಲದ ಕ್ರೆಡಿಟ್ ರಿಪೋರ್ಟ್ ಮಾಡ್ತವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಇವಕ್ಕೆ ಹೋಗೋದು ಲೋನ್ ಮತ್ತೆ ಕ್ರೆಡಿಟ್ ಕಾರ್ಡಿನ ಲೆಕ್ಕ. ನಿಮ್ಮ ಪಾಸ್‌ಬುಕ್ಕಲ್ಲಿ ಎಷ್ಟಿದೆ, ಮಿನಿಮಮ್ ಬ್ಯಾಲೆನ್ಸ್ ಇಟ್ಟಿದ್ರಾ ಇಲ್ವಾ ಅನ್ನೋದು ಅಲ್ಲಿಗೆ ಹೋಗಲ್ಲ. ಅಕೌಂಟ್ ತೆರೆಯೋಕೆ ಬ್ಯಾಂಕ್ ನೋಡೋದು ಕೆವೈಸಿ, ಅಂದ್ರೆ ನಾವು ಯಾರು ಅನ್ನೋದಕ್ಕೆ ದಾಖಲೆ, ಆಧಾರ್, ಇಲ್ಲಾಂದ್ರೆ ವೋಟರ್ ಐಡಿ, ಡಿಎಲ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಇಂಥದ್ರಲ್ಲಿ ಒಂದು, ಜೊತೆಗೆ ಪ್ಯಾನ್, ಪ್ಯಾನ್ ಇಲ್ದಿದ್ರೆ ಅದರ ಬದಲಿಗೆ ಒಂದು ಘೋಷಣೆ ಫಾರ್ಮ್. ಅಷ್ಟೇ.

ಇನ್ನೊಂದು ಭಯ ಹಳೇ ಅಕೌಂಟ್ ಮೈನಸ್ಸಲ್ಲಿದೆ ಅನ್ನೋದು. ಮಿನಿಮಮ್ ಬ್ಯಾಲೆನ್ಸ್ ದಂಡ ಒಂದೇ ಕಾರಣಕ್ಕೆ ಸೇವಿಂಗ್ಸ್ ಅಕೌಂಟ್ ಮೈನಸ್ ಆಗೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ರೂಲು 2015ರ ಏಪ್ರಿಲಿಂದ್ಲೇ ಇದೆ, ಆದ್ರೂ ಕೆಲವು ಆ್ಯಪಲ್ಲಿ ಕೆಂಪಕ್ಷರದಲ್ಲಿ ಬಾಕಿ ತೋರಿಸಿ ಹೆದರಿಸ್ತಾರೆ. ಅದನ್ನ ನೋಡಿ ಹೊಸ ಬ್ಯಾಂಕಿಗೆ ಹೋಗೋಕೇ ಹಿಂಜರಿಯೋದು ಬೇಡ.

ಈಗ ಬ್ರಾಂಚಿನ ಕಥೆ. ಹೆಸರು ಬೇಡ, ಯಾಕಂದ್ರೆ ಎಲ್ಲಾ ಕಡೆನೂ ಹೆಚ್ಚೂಕಮ್ಮಿ ಇದೇ ಪಾಡು ಅಂತ ಕೇಳಿದೀನಿ. ಬಿಎಸ್‌ಬಿಡಿ ಬೇಕು ಅಂದ್ರೆ ಕೌಂಟರಲ್ಲಿದ್ದ ಮೇಡಂ "ಅದು ಜನ್‌ಧನ್ ಸರ್, ಬಿಪಿಎಲ್‌ನೋರಿಗೆ, ನಿಮಗ್ಯಾಕೆ" ಅಂದ್ರು. ಸುಳ್ಳು. ಈ ಖಾತೆಗೆ ಆದಾಯದ ಕಂಡಿಷನ್ನೇ ಇಲ್ಲ, ಯಾರು ಬೇಕಾದ್ರೂ ತೆಗೀಬಹುದು. 2005ರಲ್ಲಿ ನೋ ಫ್ರಿಲ್ಸ್, ಅಂದ್ರೆ ಬರೀ ಸರಳ ಖಾತೆ, ಅಂತ ಶುರುವಾಗಿದ್ದನ್ನ 2012ರ ಆಗಸ್ಟಲ್ಲಿ ಬದಲಾಯಿಸಿ ಇದನ್ನ ಮಾಮೂಲಿ ಬ್ಯಾಂಕಿಂಗ್ ಸೇವೆ ಅಂತ್ಲೇ ಎಲ್ಲರಿಗೂ ಕೊಡ್ಬೇಕು ಅಂದಿದ್ದು ರಿಸರ್ವ್ ಬ್ಯಾಂಕು. ಜನ್‌ಧನ್ ಬಂದಿದ್ದು 2014ರ ಆಗಸ್ಟ್ 28ಕ್ಕೆ, ಆ ಸ್ಕೀಮಲ್ಲಿ ತೆರೆಯೋ ಖಾತೆನೂ ಒಳಗಿಂದ ಇದೇ. ಇಷ್ಟು ಹೇಳಿದ್ಮೇಲೆ ಮೇಡಂ ಒಳಗೆ ಹೋಗಿ ಯಾರನ್ನೋ ಕೇಳ್ಕೊಂಡು ಬಂದು ಫಾರ್ಮ್ ಕೊಟ್ರು, ನೋಡಿದ್ರೆ ಅಕೌಂಟ್ ಟೈಪ್ ಅನ್ನೋ ಜಾಗದಲ್ಲಿ ರೆಗ್ಯುಲರ್ ಸೇವಿಂಗ್ಸ್ ಅಂತ ಪೆನ್ಸಿಲ್ಲಲ್ಲಿ ಅವರೇ ಟಿಕ್ ಹಾಕಿಟ್ಟಿದ್ರು. ಅಳಿಸಿ ಪೆನ್ನಲ್ಲಿ ಬಿಎಸ್‌ಬಿಡಿಗೆ ಹಾಕ್ದೆ. ಸಹಿ ಮಾಡೋ ಪುಟದ ಹಿಂದೆ ಒಂದು ಇನ್ಶೂರೆನ್ಸ್ ಒಪ್ಪಿಗೆ ಪತ್ರಾನೂ ಪಿನ್ ಮಾಡಿದ್ರು, ಅದನ್ನೂ ಬಿಚ್ಚಿ ವಾಪಸ್ ಕೊಟ್ಟೆ, ಅವರು ಏನೂ ಆಗ್ದೋರ ಥರ ಡ್ರಾಯರಲ್ಲಿ ಹಾಕ್ಕೊಂಡ್ರು. ಹಿಂದೆ ಮುಂದೆ ತಿರುಗಿಸಿ ನೋಡ್ದೆ ಎಲ್ಲೂ ಸಹಿ ಹಾಕ್ಬೇಡಿ ಮಾರಾಯ್ರೆ.

ಸಿಬಿಲ್ ಬಗ್ಗೆ ಒಂದು ಮಾತೂ ಬರ್ಲಿಲ್ಲ. ಕೇಳ್ಲೇ ಇಲ್ಲ.

ಖಾತೆ ಹೇಗಿದೆ ಅಂದ್ರೆ, ಮಿನಿಮಮ್ ಬ್ಯಾಲೆನ್ಸ್ ಸೊನ್ನೆ, ದುಡ್ಡು ಹಾಕೋದಕ್ಕೆ ಲೆಕ್ಕ ಇಲ್ಲ, ರುಪೇ ಡೆಬಿಟ್ ಕಾರ್ಡ್ ಕೊಟ್ರು, ಕಾರ್ಡಿಗೆ ವರ್ಷದ ಚಾರ್ಜ್ ಇಲ್ಲ, ಪಾಸ್‌ಬುಕ್ ಪುಕ್ಕಟೆ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ದುಡ್ಡು ತೆಗೆಯೋದು ಫ್ರೀ ಇರ್ಬೇಕು, ಎಟಿಎಮ್ಮೂ ಅದ್ರಲ್ಲೇ ಬಂತು. ಎಡವಟ್ಟು ಆಗೋದು ಇಲ್ಲೇ. ಹಿಂದೆ ಯುಪಿಐ ಮಾಡಿದ್ರೂ ಅದನ್ನ ಒಂದು ವಿತ್‌ಡ್ರಾವಲ್ ಅಂತ ಎಣಿಸಿ, ನಾಲ್ಕು ದಾಟಿದ ಮೇಲೆ ಒಂದೊಂದಕ್ಕೂ 17.70 ರೂಪಾಯಿ ಹಿಡಿದಿದ್ದು ಐಐಟಿ ಬಾಂಬೆಯವರ ಅಧ್ಯಯನದಿಂದ 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಪ್ಪತ್ತು ರೂಪಾಯಿ ಟೀ ಬಿಸ್ಕೆಟಿಗೆ ಹದಿನೇಳೂವರೆ ಚಾರ್ಜು, ಯಾವನಿಗೆ ಬೇಕು. ಅದಕ್ಕೇ ಅಕೌಂಟ್ ತೆರೆಯೋವಾಗ್ಲೇ ಯುಪಿಐ ಲೆಕ್ಕಕ್ಕೆ ಬರುತ್ತಾ, ನಾಲ್ಕಾದ ಮೇಲೆ ಎಷ್ಟು ಹಿಡೀತೀರಿ ಅಂತ ಕೇಳಿ, ಬಾಯಲ್ಲಿ ಹೇಳಿದ್ದು ಬೇಡ, ಚಾರ್ಜ್ ಪಟ್ಟಿನೇ ತೋರಿಸಿ ಅನ್ನಿ. ಇನ್ನೊಂದು, ಅದೇ ಬ್ಯಾಂಕಲ್ಲಿ ನಿಮ್ಮದು ಬೇರೆ ಸೇವಿಂಗ್ಸ್ ಅಕೌಂಟ್ ಇದ್ರೆ 30 ದಿನದೊಳಗೆ ಅದನ್ನ ಕ್ಲೋಸ್ ಮಾಡ್ಬೇಕು.

ಕೆವೈಸಿ ಪೇಪರೇ ಇಲ್ಲದೋರಿಗೆ ಇದ್ರಲ್ಲೇ ಸ್ಮಾಲ್ ಅಕೌಂಟ್ ಅಂತ ಒಂದಿದೆ. ಫೋಟೋ ಮತ್ತೆ ಸಹಿ ಸಾಕು, ಆದ್ರೆ 50,000ಕ್ಕಿಂತ ಜಾಸ್ತಿ ಬ್ಯಾಲೆನ್ಸ್ ಇಡಂಗಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಬರಂಗಿಲ್ಲ, ತಿಂಗಳಿಗೆ 10,000 ದಾಟಿ ತೆಗೆಯಂಗಿಲ್ಲ. ಆಧಾರ್ ಇರೋರು ಅದರ ತಂಟೆಗೆ ಹೋಗ್ಬೇಡಿ, ಮೇಡಂ ಅದಕ್ಕೆ ಹಾಕ್ಬಿಟ್ರೆ ಆಮೇಲೆ ಸಂಬಳ ಬಂದಾಗ ಪರದಾಟ.

ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು, ಯಾವ ಬ್ಯಾಂಕಲ್ಲಿ ತೆರೀಬೇಕು ಅನ್ನೋದು. ಸಾಲ ಬಾಕಿ ಇರೋ ಬ್ಯಾಂಕಿಗೆ ಮಾತ್ರ ಹೋಗ್ಬೇಡಿ! ಒಂದು ಬ್ಯಾಂಕಲ್ಲಿ ಒಬ್ಬರಿಗೆ ಒಂದೇ ಕಸ್ಟಮರ್ ಐಡಿ, ಪ್ಯಾನ್ ಹಾಕಿದ ಕೂಡ್ಲೇ ಹಳೇ ಸಾಲ ಸ್ಕ್ರೀನ್ ಮೇಲೆ ಬರುತ್ತೆ. ಬಂದ್ರೂ ಅಕೌಂಟ್ ಕೊಟ್ಟಾರು, ಆದ್ರೆ ಅಲ್ಲಿ ಬೀಳೋ ದುಡ್ಡನ್ನ ಹಳೇ ಬಾಕಿಗೆ ಜಮಾ ಮಾಡ್ಕೊಳೋ ಹಕ್ಕು ಬ್ಯಾಂಕಿಗಿದೆ, ಇದಕ್ಕೆ ಸೆಟ್ ಆಫ್ ಅಂತಾರೆ, 1872ರ ಕಾಂಟ್ರಾಕ್ಟ್ ಆ್ಯಕ್ಟಿನ 171ನೇ ಸೆಕ್ಷನ್ನಲ್ಲಿ ಬ್ಯಾಂಕಿಗೆ ಲೀನ್, ಅಂದ್ರೆ ಬಾಕಿಗೆ ತಡೆಹಿಡಿಯೋ ಹಕ್ಕು, ಅಂತ ಇರೋದೂ ಇದರ ಜಾತಿದೇ. ನನಗೆ ಗೊತ್ತಿರೋ ಒಬ್ಬ ಡ್ರೈವರ್‌ಗೆ ಹೀಗೇ ಆಯ್ತು, ಸಂಬಳದ ಮೆಸೇಜ್ ಬಂತು, ಅದರ ಬೆನ್ನಿಗೇ ಲೀನ್ ಮಾರ್ಕ್ ಅಂತ ಇನ್ನೊಂದು ಮೆಸೇಜು, ಎಟಿಎಮ್ಮಲ್ಲಿ ಅವೈಲಬಲ್ ಬ್ಯಾಲೆನ್ಸ್ ಸೊನ್ನೆ. ಸಾಲ ತೀರಿಸ್ಬಾರ್ದು ಅಂತಲ್ಲ ನಾನು ಹೇಳ್ತಿರೋದು, ಆದ್ರೆ ಬಾಡಿಗೆ, ಮಕ್ಕಳ ಫೀಸ್ ಕಟ್ಟಿದ ಮೇಲೆ ಎಷ್ಟು ತೀರಿಸ್ತೀನಿ ಅನ್ನೋದು ನಮ್ಮ ಕೈಯಲ್ಲಿರ್ಲಿ. ತೀರಾ ಭಯ ಇದ್ರೆ ಪೇಮೆಂಟ್ಸ್ ಬ್ಯಾಂಕ್ ನೋಡಿ, ಅವು ಸಾಲ ಕೊಡೋ ಹಾಗೇ ಇಲ್ಲ, ಎರಡು ಲಕ್ಷದವರೆಗೆ ಇಡಬಹುದು.

ಒಂದು ಸ್ಟಾರ್ ಯಾಕೆ ಕಿತ್ಕೊಂಡೆ ಅಂದ್ರೆ, ಈ ಅಕೌಂಟ್ ಎಷ್ಟು ಚೆನ್ನಾಗಿ ನಡೆಸಿದ್ರೂ ಸ್ಕೋರ್ ಒಂದು ಪಾಯಿಂಟೂ ಏರಲ್ಲ. ಆಗ್ಲೇ ಹೇಳ್ದೆನಲ್ಲ, ಈ ಲೆಕ್ಕ ಅಲ್ಲಿಗೆ ಹೋಗೋದೇ ಇಲ್ಲ. ಸ್ಕೋರ್ ಏರ್ಬೇಕಂದ್ರೆ ಸಾಲದ ರೂಪದಲ್ಲೇ ಏನಾದ್ರೂ ಬೇಕು, ಸುಲಭದ ದಾರಿ ಎಫ್‌ಡಿ ಮೇಲೆ ಸಿಗೋ ಕ್ರೆಡಿಟ್ ಕಾರ್ಡ್. ಎಫ್‌ಡಿ ಅಡ ಇರೋದ್ರಿಂದ ಹಳೇ ಸ್ಕೋರ್ ಬಗ್ಗೆ ಬ್ಯಾಂಕ್ ಅಷ್ಟು ತಲೆ ಕೆಡಿಸ್ಕೊಳಲ್ಲ, ತಿಂಗಳ ಬಿಲ್ಲು ಪೂರ್ತಿ ಕಟ್ತಾ ಹೋದ್ರೆ ಅದು ಆಗ ಹೇಳಿದ ರಿಪೋರ್ಟ್ ಕಂಪನಿಗಳಿಗೆ ಹೋಗುತ್ತೆ. ಜನ್‌ಧನ್ ಆದ್ರೆ 10,000ದವರೆಗೆ ಓವರ್‌ಡ್ರಾಫ್ಟ್, ಅಂದ್ರೆ ಖಾತೆಯಲ್ಲಿ ದುಡ್ಡಿಲ್ದಿದ್ರೂ ತೆಗೆಯೋ ಸೌಲಭ್ಯ, ಅಂತಾನೂ ಇದೆ, ಆದ್ರೆ ಆರು ತಿಂಗಳು ಅಕೌಂಟ್ ಸರಿಯಾಗಿ ನಡೆಸಿರ್ಬೇಕು, ಮನೆಗೊಬ್ಬರಿಗೆ ಮಾತ್ರ, ಹೆಂಗಸರಿಗೆ ಮೊದಲ ಆದ್ಯತೆ, ಸಿಕ್ಕಿದೋರನ್ನ ನಾನಂತೂ ಕಂಡಿಲ್ಲ.

ಇದಕ್ಕೆಲ್ಲ ಮುಂಚೆ ರಿಪೋರ್ಟ್ ತೆಗ್ದು ನೋಡಿ, ನಾಲ್ಕೂ ಕಂಪನಿಯವರು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡ್ಲೇಬೇಕು. ನನ್ನ ರಿಪೋರ್ಟಲ್ಲಿ ತೀರಿಸಿ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ತಗೊಂಡಿದ್ದ ಬೈಕ್ ಲೋನ್ ಇನ್ನೂ ಬಾಕಿ ಅಂತಾನೇ ತೋರಿಸ್ತಿತ್ತು. ಆನ್‌ಲೈನಲ್ಲೇ ಡಿಸ್‌ಪ್ಯೂಟ್ ಹಾಕಿ ಎನ್‌ಒಸಿ ಫೋಟೋ ಅಟ್ಯಾಚ್ ಮಾಡ್ದೆ, ಸರಿ ಆಯ್ತು. 30 ದಿನದಲ್ಲಿ ಸರಿ ಮಾಡ್ದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ನಮಗೇ ಕೊಡ್ಬೇಕು ಅಂತ ರೂಲ್ ಬಂದಿದೆ, ಅದಕ್ಕೇ ಇರ್ಬೇಕು ಈಗೀಗ ಚುರುಕಾಗಿದಾರೆ. ಐನೂರು ಕೊಡಿ ಸಾವಿರ ಕೊಡಿ ಸಿಬಿಲ್ ಕ್ಲೀನ್ ಮಾಡ್ಕೊಡ್ತೀವಿ ಅನ್ನೋ ಏಜೆಂಟ್‌ಗಳು ಮಾಡೋದೂ ಇದೇ ಫ್ರೀ ಡಿಸ್‌ಪ್ಯೂಟ್ ಹಾಕೋದನ್ನ, ನಿಜವಾಗ್ಲೂ ಬಾಕಿ ಇರೋದನ್ನ ಅಳಿಸೋಕೆ ಅವರ ಕೈಲೂ ಆಗಲ್ಲ.

ಬ್ರಾಂಚಲ್ಲಿ ಖಾತೆ ಇಲ್ಲ ಅಂದ್ರೆ ಕಾರಣ ಬರೆದು ಕೊಡಿ ಅಂತ ಕೇಳಿ, ಅಷ್ಟಕ್ಕೇ ಅರ್ಧ ಜನ ಫಾರ್ಮ್ ತೆಗೀತಾರೆ. ತೆಗೀಲಿಲ್ವಾ, ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನ ಕಳೆದ್ರೂ ಉತ್ತರ ಇಲ್ಲಾಂದ್ರೆ ಗ್ರಾಹಕರ ದೂರು ಕೇಳೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ಹಾಕಬಹುದು, ಖರ್ಚಿಲ್ಲ. ಇಷ್ಟೆಲ್ಲಾ ಜಗಳಕ್ಕೆ ಪುರುಸೊತ್ತಿಲ್ಲ ಅನ್ನೋರಿಗೆ ಇನ್ನೊಂದು ದಾರಿ ಇದೆ, ಎಸ್‌ಬಿಐ 2020ರಲ್ಲೇ ಮಿನಿಮಮ್ ಬ್ಯಾಲೆನ್ಸ್ ದಂಡ ತೆಗ್ದಿದೆ, ಕೆನರಾ ಬ್ಯಾಂಕ್ 2025ರ ಜೂನಿಂದ ಎಲ್ಲಾ ಸೇವಿಂಗ್ಸ್ ಅಕೌಂಟಿಗೂ ತೆಗ್ದಿದೆ, ಅಲ್ಲಿ ನಿಮ್ಮ ಹಳೇ ಸಾಲ ಇಲ್ಲಾಂದ್ರೆ ಮಾಮೂಲಿ ಸೇವಿಂಗ್ಸೇ ತೆಗೆದ್ಬಿಡಿ. ಕಾರ್ಡಿಗೆ ಮಾತ್ರ ವರ್ಷಕ್ಕಿಷ್ಟು ಅಂತ ಹಿಡಿಯೋದುಂಟು, ಅದನ್ನ ಕೇಳ್ಕೊಂಡೇ ಸಹಿ ಹಾಕಿ.