ಮನೆ ಗಮನಿಕೆ ಪುಸ್ತಕ: ಟಿಕ್ ಕಾಲಂ ಬಿಟ್ಟು ಖಾಲಿ ಗೆರೆ ತುಂಬಿ

ದಾವಣಗೆರೆಯ ಒಂದು ಪ್ರೀ-ಸ್ಕೂಲ್ 3ರಿಂದ 5 ವರ್ಷದ ಮಕ್ಕಳ ಪಾಲಕರಿಗೆ, ಮಗುವನ್ನು ಮನೆಯಲ್ಲೇ ಗಮನಿಸಿ ಬರೆದಿಡುವ ಈ ಪುಸ್ತಕ ಮಾರುತ್ತಿದೆ. 64 ಪುಟ, ವಾರಕ್ಕೆ 2 ಪುಟದಂತೆ 30 ವಾರ, ಮೊದಲ 4 ಪುಟ ಸೂಚನೆ. ಸಂವಹನ, ಸ್ವನಿಯಂತ್ರಣ, ಸೃಜನಶೀಲತೆ ಎಂದು ಮೂರು ಚೌಕ. ಒಂದೊಂದರಲ್ಲೂ ಐದು 'ಹೌದು/ಇಲ್ಲ' ಪ್ರಶ್ನೆ, ಅದರಡಿ ಮೂರು ಖಾಲಿ ಗೆರೆ. ಕೆಲಸಕ್ಕೆ ಬರುವುದು ಆ ಖಾಲಿ ಗೆರೆಗಳೇ.

ಸಂವಹನದ ಚೌಕದಲ್ಲಿ 'ನಾಲ್ಕು ಪದದ ವಾಕ್ಯ ಹೇಳುತ್ತದೆಯೇ?' ಎಂಬ ಪ್ರಶ್ನೆ ನೋಡಿ. ಅದು ಇಂಗ್ಲಿಷ್ ಮಕ್ಕಳ ಅಳತೆಗೋಲು. ನಮ್ಮ ಮಗು 'ಕೊಡಲ್ಲಂದ್ಲು' ಎಂದರೆ ಲೆಕ್ಕಕ್ಕೆ ಒಂದೇ ಪದ. ಆದರೆ ಕೊಡುವುದು, ಇಲ್ಲ ಎನ್ನುವುದು, ಅಂದದ್ದು, ಅಂದವಳು ಹೆಣ್ಣು ಎನ್ನುವುದು, ಎಲ್ಲ ಅದರೊಳಗೇ ಇದೆ. ಹಾಗಾಗಿ ಪದ ಎಣಿಸಬೇಡಿ. ಮಗು ಹೇಳಿದ್ದನ್ನು ಹೇಳಿದ ಹಾಗೇ, ತಿದ್ದದೆ, ವಾರಕ್ಕೆ ಐದು ಮಾತು ಬರೆದಿಡಿ. '-ಗೆ', '-ಇಂದ', '-ಅಲ್ಲಿ' ಪದದ ಕೊನೆಗೆ ಯಾವಾಗ ಬಂದವು, ಹೋದ-ಹೋದ್ಲು ಬೇರೆಯಾದದ್ದು ಯಾವಾಗ ಎಂಬುದು ತಾನಾಗಿ ಕಾಣುತ್ತದೆ. ಮೂರು ವರ್ಷಕ್ಕೆ ರೊಟ್ಟಿ 'ಲೊಟ್ಟಿ' ಆದರೆ ಗಾಬರಿ ಬೇಡ, ರ-ಳ ತಡವಾಗಿ ಹಿಡಿತಕ್ಕೆ ಬರುವ ಅಕ್ಷರಗಳು. 'ಸ್ಪಷ್ಟವಾಗಿ ಮಾತಾಡುತ್ತದೆಯೇ?' ಎಂಬುದಕ್ಕೆ ಅಮ್ಮ ಉತ್ತರಿಸಿದರೆ ಸಾಲದು, ಪಕ್ಕದ ಮನೆಯವರಿಗೆ ಎಷ್ಟು ತಿಳಿಯಿತು ಅಂತ ಬರೆಯಬೇಕು. ಉರ್ದು, ಲಂಬಾಣಿ, ತೆಲುಗು ಮನೆಮಾತಿನ ಮಕ್ಕಳು ಈ ಊರಲ್ಲಿ ಎಷ್ಟಿಲ್ಲ! ಅವರಿಗೆ ಒಂದು ಕಾಲಂ ಇಲ್ಲದ್ದು ದೊಡ್ಡ ಕೊರತೆ. ಅಂಥ ಮಗುವಿನ ಮಾತನ್ನು ಎಲ್ಲ ಭಾಷೆ ಕೂಡಿಸಿಯೇ ನೋಡಬೇಕು.

ಸ್ವನಿಯಂತ್ರಣದ ಚೌಕದಲ್ಲಿ 'ಹಠ ಮಾಡುತ್ತದೆಯೇ?' ಎಂದು ಕೇಳಿದ್ದಾರೆ. ಮಾಡದ ಮಗು ಯಾವುದು? ಇದನ್ನು ಹೊಡೆದುಹಾಕಿ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯಿತು, ಎಷ್ಟು ನಿಮಿಷ, ಯಾವುದರಿಂದ ತಣ್ಣಗಾಯಿತು. ಐದರಲ್ಲಿ ನಾಲ್ಕು ರಚ್ಚೆ ಸಂಜೆ ಆರೂವರೆ-ಏಳೂವರೆ ಮಧ್ಯೆಯೇ ಬಿದ್ದರೆ ಮೊದಲು ಹಸಿವು, ನಿದ್ದೆ ನೋಡಿ. ಮೊಬೈಲ್ ಕೊಟ್ಟಾಗ ಸುಮ್ಮನಾದದ್ದನ್ನು 'ತಾನೇ ಸಮಾಧಾನವಾಯಿತು' ಎಂದು ಬರೆಯಬೇಡಿ.

ಮಗುವಿಗೆ ತನ್ನ ಮೇಲಿರುವ ಹಿಡಿತ ಕಾಣುವುದು ಕಾಯುವಾಗ. ಕಾವಲಿಯ ಮೊದಲ ದೋಸೆ ಅಣ್ಣನ ತಟ್ಟೆಗೆ ಹೋಯಿತು ಅನ್ನಿ. ಮುಂದಿನದು ಬೇಯುವ ಎರಡು-ಮೂರು ನಿಮಿಷ ಮಗು ಏನು ಮಾಡುತ್ತದೆ? ಹಾಡುತ್ತದೋ, ತಟ್ಟೆ ತಿರುಗಿಸುತ್ತದೋ, 'ಆತಾ ಅಜ್ಜಿ?' ಎಂದು ಕೇಳುತ್ತಲೇ ಇರುತ್ತದೋ? ಇವೆಲ್ಲ ಕಾಯಲು ಅದು ಕಂಡುಕೊಂಡ ಉಪಾಯಗಳೇ. ಪುಸ್ತಕದಲ್ಲಿಲ್ಲದ ಒಂದು ಒಳ್ಳೆಯ ಪರೀಕ್ಷೆ ಕೆರೆ-ದಡ ಆಟ. ಹತ್ತು ಸಲ ಕೂಗಿ, ತಪ್ಪು ಜಿಗಿತ ಎಣಿಸಿ. ಆಮೇಲೆ ನಿಯಮ ತಿರುವಿಹಾಕಿ: 'ಕೆರೆ' ಅಂದರೆ ದಡ, 'ದಡ' ಅಂದರೆ ಕೆರೆ. ಮೂರು ವರ್ಷದವರು ಇದರಲ್ಲಿ ಎಡವುವುದು ಸಹಜ, ಐದರ ಹೊತ್ತಿಗೆ ತಪ್ಪು ಇಳಿಯಬೇಕು. ನಿದ್ದೆಗಣ್ಣಿನಲ್ಲಿ ಆಡಿಸಿದರೆ ಲೆಕ್ಕಕ್ಕಿಲ್ಲ.

ಸೃಜನಶೀಲತೆಯ ಚೌಕ ತೀರಾ ಬಡವು. ಅಲ್ಲಿ ಕೇಳಿದ ಹಾಗೆ ಗೆರೆ ದಾಟದೆ ನವಿಲಿಗೆ ಬಣ್ಣ ತುಂಬುವುದು ಬೆರಳಿನ ಹಿಡಿತ ತೋರಿಸೀತು, ಕಲ್ಪನೆಯನ್ನಲ್ಲ. ಬದಲಿಗೆ ಆರು ಖಾಲಿ ಬೆಂಕಿಪೊಟ್ಟಣ, ಒಂದು ಟವೆಲ್, ಎರಡು ಲೋಟ ಕೊಟ್ಟು 15 ನಿಮಿಷ ಬಾಯಿ ಬಿಡದೆ ಕೂರಿ. ಒಂದೇ ಪೊಟ್ಟಣ ಎಷ್ಟು ವಸ್ತುವಾಯಿತು ಅಂತ ಬರೆಯಿರಿ. ಆಮೇಲೆ 'ಏನಿದು?' ಎಂದರೆ ಮಗು ಒಂದು ಹೆಸರು ಹೇಳಿ ಸುಮ್ಮನಾಗುತ್ತದೆ, 'ಇದರ ಕತೆ ಹೇಳು' ಎಂದರೆ ಮಾತು ಬೆಳೆಯುತ್ತದೆ.

ಕಾಗದ ತೆಳು, ಜೆಲ್ ಪೆನ್ನಿನ ಶಾಯಿ ಹಿಂದಕ್ಕೆ ಇಳಿಯುತ್ತದೆ, ಬಾಲ್‌ಪೆನ್ ವಾಸಿ. ಇದೇ ಮೂರು ತಲೆಬರಹ ಹಾಕಿಕೊಂಡರೆ 100 ಪುಟದ ರೂಲ್ಡ್ ನೋಟ್‌ಬುಕ್ಕೂ ಸಾಕು.

ಯಾವಾಗ ವೈದ್ಯರ ಬಳಿ ಹೋಗಬೇಕೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಆಡುತ್ತಿದ್ದ ಮಾತು ನಿಂತುಹೋದರೆ, ಹೆಸರು ಕೂಗಿದರೂ ತಿರುಗದಿದ್ದರೆ 30 ವಾರ ಮುಗಿಯಲೆಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹೋಗುವಾಗ ಬರೆದ ಪುಟಗಳನ್ನು ಜೊತೆಗಿಟ್ಟುಕೊಳ್ಳಿ.