ಬ್ರೆಸಾನ್ ನೋಡಲು ಹೊರಟವರಿಗೆ: ಮೊದಲು ಸೆರೆಮನೆಯೋ, ಪಾದ್ರಿಯೋ?

ಫ್ರಾನ್ಸಿನ ನಿರ್ದೇಶಕ ರಾಬರ್ಟ್ ಬ್ರೆಸಾನ್ ಅವರ ಸಿನಿಮಾಗಳಿಗೆ ಹೊಸಬರಾದರೆ ‘ಎ ಮ್ಯಾನ್ ಎಸ್ಕೇಪ್ಡ್’ (1956) ಮೊದಲು ನೋಡಿ, ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ (1951) ಆಮೇಲೆ. ತೆರೆಗೆ ಬಂದ ಕ್ರಮ ತಿರುಗುಮುರುಗಾದರೂ ಚಿಂತೆಯಿಲ್ಲ.

ಕಾರಣ ಇಷ್ಟೇ. ಸೆರೆಮನೆಯ ಚಿತ್ರದಲ್ಲಿ ಕಣ್ಣಿಗೆ ಕೆಲಸವಿದೆ. ಕೈದಿ ಫಾಂಟೇನ್ ಕಬ್ಬಿಣದ ಚಮಚವನ್ನು ನೆಲಕ್ಕೆ ಉಜ್ಜಿ ಉಳಿಯಾಗಿಸುತ್ತಾನೆ. ಕೋಣೆಯ ಬಾಗಿಲಿನ ಓಕ್ ಹಲಗೆಗಳ ನಡುವಿನ ಮೆತ್ತನೆಯ ಮರವನ್ನು ಕೆತ್ತಿ, ಉದುರಿದ ಚೂರುಗಳನ್ನು ಗುಡಿಸಿ ಮರೆಮಾಡುತ್ತಾನೆ. ಬಟ್ಟೆ ಹರಿದು, ಮಂಚದ ತಂತಿ ಸೇರಿಸಿ ಹಗ್ಗ ಹೊಸೆಯುತ್ತಾನೆ. ಕಾವಲುಗಾರ ಎಷ್ಟು ಹತ್ತಿರ ಬಂದ ಎಂಬುದನ್ನು ಹೆಚ್ಚಾಗಿ ಸದ್ದೇ ಹೇಳುತ್ತದೆ. ಆದ್ದರಿಂದ ಮೊಬೈಲ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಕೈದಿಗಳು ಮಲದ ಬಕೆಟ್ ಖಾಲಿ ಮಾಡಲು ಸಾಲಾಗಿ ಹೋಗುವಾಗ ಮೊಜಾರ್ಟ್‌ನ ಪ್ರಾರ್ಥನಾ ಸಂಗೀತ ಏಳುತ್ತದೆ. ಅಧ್ಯಾತ್ಮ ಇಲ್ಲಿ ಉಪದೇಶವಾಗದೆ ದುಡಿಮೆಯೊಳಗೇ ಬರುವುದು ಹೀಗೆ. ನನಗೆ ಬ್ರೆಸಾನ್ ಅವರ ಅತಿ ದೊಡ್ಡ ಸಾಧನೆ ಇದೇ.

ಪಾದ್ರಿಯ ಚಿತ್ರ ಹೆಚ್ಚು ತಾಳ್ಮೆ ಕೇಳುತ್ತದೆ. ಅವನು ದಿನಚರಿ ಬರೆಯುವುದು ಕಾಣುತ್ತದೆ, ಅದೇ ಸಾಲು ದನಿಯಲ್ಲಿ ಕೇಳುತ್ತದೆ, ಎಷ್ಟೋ ಸಲ ಅದೇ ಘಟನೆ ಮತ್ತೆ ನಡೆಯುತ್ತದೆ. ಈ ಪುನರುಕ್ತಿ ಬೇಕೆಂದೇ ಮಾಡಿದ್ದು. ಮೊದಲ ಸಲಕ್ಕೆ ಇದನ್ನೇ ಹಿಡಿದವರು ಅರ್ಧಕ್ಕೇ ಬಿಡುವುದುಂಟು, ಏಕೆಂದರೆ ಮುಖದಲ್ಲಿ ಭಾವ ಹುಡುಕುತ್ತಾರೆ. ಬ್ರೆಸಾನ್ ನಟನೆಯನ್ನೇ ಒರೆಸಿಹಾಕುವವರು; ಮುಖ ಬಿಟ್ಟು ಕೈ, ಬಾಗಿಲು, ವೈನಿನಲ್ಲಿ ಅದ್ದಿದ ಬ್ರೆಡ್ಡು ನೋಡಿ. ನಂಬಿಕೆ ಅಲುಗಾಡಿದ ಕಾಲ ನಿಮ್ಮದಾಗಿದ್ದರೆ ಮಾತ್ರ ನನ್ನ ಕ್ರಮ ಬಿಟ್ಟು ನೇರ ಪಾದ್ರಿಯ ಬಳಿಗೇ ಹೋಗಿ.