ಬಿಡುಗಡೆಯ ದಿನದ ಒಂಬತ್ತು ಗಂಟೆ

ಸೊಂಟದ ಮೂಳೆ ಮುರಿದು ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದ 76 ವರ್ಷದ ನನ್ನ ತಾಯಿಗೆ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ವೈದ್ಯರ ಕೈಗುಣದ ಬಗ್ಗೆ ತಕರಾರಿಲ್ಲ. ಆದರೆ ವಾರ್ಡಿನಲ್ಲಿ ಮಗ್ಗುಲು ಬದಲಿಸುವವರಿಲ್ಲದೆ ನಾಲ್ಕನೆಯ ದಿನಕ್ಕೆ ಬೆನ್ನಿನ ಕೆಳಭಾಗದಲ್ಲಿ ಹಾಸಿಗೆ ಹುಣ್ಣು ಕಾಣಿಸಿಕೊಂಡಿತು. ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂದು ನಮಗೆ ಹೇಳಿದವರು ದಾದಿಯಲ್ಲ, ಪಕ್ಕದ ಮಂಚದ ರೋಗಿಯ ಮಗಳು. ಬೆಳಿಗ್ಗೆ ಹತ್ತಕ್ಕೆ ‘ಮನೆಗೆ ಹೋಗಬಹುದು’ ಎಂದವರು, ವಿಮೆಯ ಒಪ್ಪಿಗೆ ಬಂದಿಲ್ಲವೆಂದು ಸಂಜೆ ಏಳರವರೆಗೆ ಅಮ್ಮನನ್ನು ಗಾಲಿಕುರ್ಚಿಯಲ್ಲೇ ಕೂರಿಸಿದರು. ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ನೀಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಸೂಚಿಸಿದೆ. ಇಲ್ಲಿ ಬಿಲ್ಲಿಂಗ್ ವಿಭಾಗ ಕಾಗದಪತ್ರ ಕಳುಹಿಸಿದ್ದೇ ಸಂಜೆ ನಾಲ್ಕಕ್ಕೆ. ಕೊನೆಗೆ ಕೈಗಿತ್ತ ಡಿಸ್ಚಾರ್ಜ್ ಸಾರಾಂಶದಲ್ಲಿ ಹುಣ್ಣಿನ ಪ್ರಸ್ತಾಪವೇ ಇರಲಿಲ್ಲ.